ಹತ್ತಿರವಾಗಲು ಅಂಜಿಕೆಯೋ, ಹೇಳಿ ರೂಢಿಯಿಲ್ಲವೋ?

ಆರು ತಿಂಗಳಿಂದ ದಿನವೂ ಮಾತಾಡುತ್ತಿರುವ ಒಬ್ಬ ಹುಡುಗ, ಒಬ್ಬ ಹುಡುಗಿ ಅಂದುಕೊಳ್ಳಿ. ಭಾನುವಾರ ರಾತ್ರಿ ಹನ್ನೊಂದಕ್ಕೆ ಶುರುವಾದ ಫೋನು ಎರಡು ಗಂಟೆಗೆ ಮುಗಿಯುತ್ತದೆ. ಅಪ್ಪ ಮಾಡಿದ ಸಾಲ, ತಾನು ಓದು ಬಿಟ್ಟು ಒಂದು ವರ್ಷ ಮನೆಯಲ್ಲಿ ಕೂತದ್ದು, ಅದನ್ನು ಎಲ್ಲರಿಂದ ಮುಚ್ಚಿಟ್ಟದ್ದು, ಎಲ್ಲವನ್ನೂ ಅವನು ಮೊದಲ ಸಲ ಹೇಳುತ್ತಾನೆ. ಅವಳು ಕೇಳುತ್ತಾಳೆ. ಇಬ್ಬರಿಗೂ ಹಗುರವಾಗುತ್ತದೆ. ಸೋಮವಾರ ಅವಳ ಬೆಳಗಿನ ಮೆಸೇಜಿಗೆ ಮಧ್ಯಾಹ್ನ ಉತ್ತರ ಬರುತ್ತದೆ: ‘ಹ್ಞೂಂ’. ಮಂಗಳವಾರ ‘ಸ್ವಲ್ಪ ಬಿಜಿ’. ಬುಧವಾರ ‘ಏನಾಯ್ತು?’ ಅಂದರೆ ‘ಏನಿಲ್ಲ ಬಿಡಿ’. ‘ಬಿಡು’ ಹೋಗಿ ‘ಬಿಡಿ’ ಬಂದಿರುವುದನ್ನು ಗಮನಿಸಿ. ನೀವು-ತಾವು ದಾಟಿ ಏಕವಚನಕ್ಕೆ ಬರಲು ಅವರಿಗೆ ಮೂರು ತಿಂಗಳು ಹಿಡಿದಿತ್ತು. ವಾಪಸ್ ಹೋಗಲು ಮೂರೇ ದಿನ ಸಾಕಾಯಿತು.

ಜಗಳವಾಗಿಲ್ಲ, ಮಧ್ಯೆ ಯಾರೂ ಬಂದಿಲ್ಲ, ಅವಳ ಮೇಲಿನ ಆಸೆಯೂ ಕಮ್ಮಿಯಾಗಿಲ್ಲ. ಆಗಿರುವುದು ಒಂದೇ: ಹತ್ತಿರವಾದದ್ದು. ಆಪ್ತತೆಯ ಭಯ ಎಂದು ಕರೆಯುವುದು ಇದನ್ನು. ರೀಲ್ಸ್ ಪುಣ್ಯದಿಂದ ಈ ಹೆಸರು ಈಗ ಮಾತು ಕಮ್ಮಿಯಿರುವ ಪ್ರತಿಯೊಬ್ಬರಿಗೂ ಅಂಟಿಕೊಳ್ಳುತ್ತಿದೆ. ‘ಐ ಲವ್ ಯೂ’ ಎನ್ನದ ಗಂಡ, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳದ ಹೆಂಡತಿ, ಸಂಕೋಚದ ಹುಡುಗ, ಎಲ್ಲರಿಗೂ ಒಂದೇ ಹಣೆಪಟ್ಟಿ. ಇವರಲ್ಲಿ ಬಹಳ ಜನಕ್ಕೆ ಆ ಭಯ ಇರುವುದೇ ಇಲ್ಲ. ಯಾರಿಗಿದೆ, ಯಾರಿಗಿಲ್ಲ ಎಂದು ತಿಳಿಯಬೇಕಾದರೆ ಭಯ ಯಾವುದರಿಂದ ಆಗಿದೆ ಎಂದು ಬಿಡಿಸಿ ನೋಡಬೇಕು.

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕೆರೊಲ್ ಡೆಸ್ಕಟ್ನರ್ ಮತ್ತು ಮಾರ್ಕ್ ಥೆಲೆನ್ 1991ರಲ್ಲಿ ಇದಕ್ಕೊಂದು ಮಾಪನ ಮಾಡಿದರು. ಅವರ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ, ಮೂರೂ ಒಟ್ಟಿಗೆ ಇರಬೇಕು. ಹೇಳಬೇಕಾದ ವಿಷಯ ನಿಮ್ಮದೇ ಒಳಗಿನದಾಗಿರಬೇಕು. ಅದರ ಬಗ್ಗೆ ನಿಮಗೆ ಗಾಢವಾದ ಭಾವನೆ ಇರಬೇಕು. ಎದುರಿಗಿರುವ ವ್ಯಕ್ತಿ ನಿಮಗೆ ಬಹಳ ಬೇಕಾದವರಾಗಿರಬೇಕು. ಜನ ಹೆಚ್ಚಾಗಿ ಮರೆಯುವುದು ಮೂರನೆಯದನ್ನು. ರೈಲಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ ಜೀವನದ ಕಥೆಯನ್ನೆಲ್ಲ ಹೇಳುವವರು, ಹತ್ತು ಜನ ಗೆಳೆಯರ ಮುಂದೆ ತನ್ನ ಸೋಲನ್ನೇ ಜೋಕು ಮಾಡಿ ನಗಿಸುವವರು, ಬೇಕಾದ ಒಬ್ಬರ ಮುಂದೆ ಮಾತ್ರ ಬಾಯಿ ಕಟ್ಟಿದಂತಾಗುತ್ತಾರೆ. ಕಳೆದುಕೊಳ್ಳುವುದು ಏನಾದರೂ ಇದ್ದಾಗ ಮಾತ್ರ ಈ ಭಯ ಏಳುತ್ತದೆ. ಹಾಗಾಗಿ ‘ಅವನು ಎಲ್ಲರ ಜೊತೆ ಎಷ್ಟು ಸಲೀಸಾಗಿ ಮಾತಾಡ್ತಾನೆ, ನನ್ನ ಹತ್ತಿರ ಮಾತ್ರ ಹೀಗೆ’ ಎಂಬ ದೂರು ನಿಜವಾಗಿದ್ದರೂ, ಅದರಿಂದ ಹುಡುಗಿಯರು ತೆಗೆಯುವ ‘ನಾನು ಅವನಿಗೆ ಬೇಡ’ ಎಂಬ ಅರ್ಥ ಎಷ್ಟೋ ಸಲ ತಲೆಕೆಳಗಾಗಿರುತ್ತದೆ.

ಹೊರಗೆ ಕಾಣುವ ಆರಾಮ ಒಳಗಿನ ಆರಾಮವಲ್ಲ ಎನ್ನುವುದನ್ನು ಪ್ರಯೋಗಾಲಯದಲ್ಲೂ ನೋಡಿದ್ದಾರೆ. ಡೋಜಿಯರ್ ಮತ್ತು ಕೋಬಕ್ 1992ರಲ್ಲಿ ಕಾಲೇಜು ವಿದ್ಯಾರ್ಥಿಗಳ ಚರ್ಮಕ್ಕೆ ಬೆವರಿನ ಏರಿಳಿತ ಅಳೆಯುವ ಉಪಕರಣ ಕಟ್ಟಿ, ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿದರು. ‘ನನ್ನ ಬಾಲ್ಯ ಚೆನ್ನಾಗಿಯೇ ಇತ್ತು, ವಿಶೇಷ ಏನೂ ನೆನಪಿಲ್ಲ’ ಎಂದು ವಿಷಯವನ್ನು ಆಚೆ ತಳ್ಳುತ್ತಿದ್ದವರಲ್ಲೇ, ಅಗಲಿಕೆ ಮತ್ತು ತಿರಸ್ಕಾರದ ಪ್ರಶ್ನೆ ಬಂದಾಗ ಉಪಕರಣದ ಗೆರೆ ಮೇಲೇರಿತು. 2004ರಲ್ಲಿ ಇಸ್ರೇಲಿನ ಮಾರಿಯೋ ಮಿಕುಲಿನ್ಸರ್ ಮತ್ತು ಸಂಗಡಿಗರು ಇನ್ನೂ ಜಾಣ ಪ್ರಯೋಗ ಮಾಡಿದರು. ಹಳೆಯ ಸಂಬಂಧ ಮುರಿದದ್ದನ್ನು ನೆನಪಿಸಿಕೊಂಡ ಮೇಲೆ ಒಂದು ಅಂಕಿಯನ್ನಷ್ಟೇ ನೆನಪಿಟ್ಟುಕೊಳ್ಳಿ ಎಂದಾಗ, ದೂರ ಇಡುವ ಸ್ವಭಾವದವರು ಆ ನೋವನ್ನು ಸಲೀಸಾಗಿ ಒತ್ತಿಹಿಡಿದರು. ಏಳು ಅಂಕಿಯ ಸಂಖ್ಯೆ ಕೊಟ್ಟಾಗ ಹಿಡಿತ ತಪ್ಪಿತು, ಒತ್ತಿದ್ದೆಲ್ಲ ಮೇಲೆ ಬಂತು. ಭಾವನೆಯನ್ನು ಒತ್ತಿಹಿಡಿಯಲು ಶಕ್ತಿ ಬೇಕು, ಆ ಶಕ್ತಿ ಬೇರೆ ಕೆಲಸಕ್ಕೆ ಖರ್ಚಾದಾಗ ಮುಚ್ಚಳ ಹಾರುತ್ತದೆ. ಪರೀಕ್ಷೆ, ಪ್ರಾಜೆಕ್ಟ್ ಗಡುವು, ಮನೆಯಲ್ಲಿ ಯಾರಿಗೋ ಕಾಯಿಲೆ ಇದ್ದ ವಾರದಲ್ಲೇ ಇಂಥವರು ಸಣ್ಣ ಮಾತಿಗೆ ಸಿಡಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗ ದೇಶದೇಶದ ಮಾತಿಗೆ ಬರೋಣ. ‘ಇದೆಲ್ಲ ಅಮೆರಿಕದವರ ರೋಗ, ನಮಗೆಲ್ಲಿಂದ ಬಂತು’ ಎನ್ನುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಬಾಲ್ಯದ ನಂಟು ಮುಂದಿನ ಸಂಬಂಧಗಳನ್ನು ರೂಪಿಸುತ್ತದೆ ಎನ್ನುವ ‘ಅಟ್ಯಾಚ್‌ಮೆಂಟ್’ ಸಿದ್ಧಾಂತದ ಮೇಲೆ ನಿಂತ ಮಾತು ಇದು, ಅದರ ಆರಂಭದ ಮುಖ್ಯ ಅಧ್ಯಯನಗಳಲ್ಲೊಂದು ನಡೆದದ್ದೇ ಆಫ್ರಿಕದಲ್ಲಿ. ಮೇರಿ ಐನ್ಸ್‌ವರ್ತ್ 1954–55ರಲ್ಲಿ ಉಗಾಂಡದ ಕಂಪಾಲಾ ಬಳಿಯ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಗಳಿಗೆ ಹೋಗಿ, ತಾಯಿ-ಮಗುವಿನ ನಂಟು ಹೇಗೆ ಗಟ್ಟಿಯಾಗುತ್ತದೆ ಎಂದು ಕಂಡರು. ಅಮೆರಿಕದ ಬಾಲ್ಟಿಮೋರ್‌ನ ಅವರದೇ ಪ್ರಸಿದ್ಧ ಅಧ್ಯಯನ ನಡೆದದ್ದು ಆಮೇಲೆ. 1987ರಲ್ಲಿ ಹೇಜನ್ ಮತ್ತು ಶೇವರ್ ಅದೇ ನಂಟಿನ ಲೆಕ್ಕವನ್ನು ದೊಡ್ಡವರ ಪ್ರೇಮಕ್ಕೆ ಹಚ್ಚಿ, ಡೆನ್ವರ್‌ನ ಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಹಾಕಿಸಿದರು. ಉತ್ತರಿಸಿದವರಲ್ಲಿ 56% ಜನ ಹತ್ತಿರವಾಗುವುದು ತಮಗೆ ಹಿತ ಎಂದರೆ, 25% ದೂರ ಇಡುವವರು, 19% ಬಿಟ್ಟುಹೋಗುತ್ತಾರೇನೋ ಎಂದು ಸದಾ ಆತಂಕ ಪಡುವವರು.

2004ರಲ್ಲಿ ಡೇವಿಡ್ ಶ್ಮಿಟ್ ಮತ್ತು ಅವರ ಬಹುದೊಡ್ಡ ತಂಡ 62 ಸಾಂಸ್ಕೃತಿಕ ಪ್ರದೇಶಗಳ 17,804 ಜನರನ್ನು ಕೇಳಿತು. 79% ಪ್ರದೇಶಗಳಲ್ಲಿ ನಿರಾತಂಕದ ನಂಟೇ ಮೇಲುಗೈ. ಎಲ್ಲರೂ ಬೇರೆ ಏನನ್ನೋ ನಿರೀಕ್ಷಿಸುವ ಜಾಗ ಪೂರ್ವ ಏಷ್ಯಾ. ಮಾತು ಕಮ್ಮಿ, ಮುಖದಲ್ಲಿ ಭಾವನೆ ಕಮ್ಮಿ, ಆದ್ದರಿಂದ ಅಲ್ಲಿ ‘ದೂರ ಇಡುವವರು’ ಹೆಚ್ಚು ಇರಬೇಕು ಎಂದುಕೊಳ್ಳುತ್ತೇವೆ. ಅಲ್ಲಿ ಎದ್ದು ಕಂಡದ್ದು ಆತಂಕದ ಬಗೆ: ನಾನು ಅವರಿಗೆ ಸಾಕಷ್ಟು ಬೇಕಾದವನೇ ಎಂಬ ಕೊರಗು. ಸುಮ್ಮನಿರುವವರು ದೂರ ಇರಲು ಬಯಸುತ್ತಾರೆ ಎಂಬ ನಮ್ಮ ಊಹೆ ಇಲ್ಲೇ ಅರ್ಧ ಬೀಳುತ್ತದೆ.

ಜಪಾನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅದು ನಮಗೆ ಅಂದುಕೊಂಡಷ್ಟು ದೂರವಿಲ್ಲ. ಅಲ್ಲಿನ ಮನೋವೈದ್ಯ ತಾಕೆಒ ದೊಯಿ ‘ಅಮಾಎ’ ಎಂಬ ಜಪಾನಿ ಪದದ ಮೇಲೆ 1971ರಲ್ಲಿ ಬರೆದದ್ದು ಹೆಸರಾಯಿತು. ಕೇಳದೆಯೇ ಎದುರಿನವರು ನನ್ನನ್ನು ಅರಿತು ಸಲಹುತ್ತಾರೆ ಎಂಬ ಭರವಸೆಯಲ್ಲಿ ಅವರ ಮೇಲೆ ಒರಗುವುದು ಅಮಾಎ. ಕನ್ನಡದಲ್ಲಿ ಇದಕ್ಕೆ ಅತಿ ಸಮೀಪದ ಪದ ‘ಸಲುಗೆ’. ಸಲುಗೆ ಇರುವಲ್ಲಿ ಬಾಯಿಬಿಟ್ಟು ಕೇಳಬೇಕಾಗಿ ಬಂದರೆ ಅದೇ ಒಂದು ನೋವು. ‘ಹೇಳಿ ಮಾಡಿಸ್ಕೋಬೇಕಾ?’ ಎಂದು ನಮ್ಮ ಮನೆಗಳಲ್ಲಿ ಮುನಿಸಿಕೊಳ್ಳುವುದು ಇದಕ್ಕೇ. ಅಮೆರಿಕದ ದಂಪತಿ ಸಲಹೆಗಾರರು ‘ನಿಮಗೆ ಏನು ಬೇಕೋ ಸ್ಪಷ್ಟವಾಗಿ ಹೇಳಿ’ ಎನ್ನುತ್ತಾರೆ. ಕ್ಯೋತೊದಲ್ಲೋ ಧಾರವಾಡದಲ್ಲೋ ಬೆಳೆದವರಿಗೆ ಹಾಗೆ ಹೇಳಬೇಕಾಗಿ ಬಂದದ್ದೇ ಸಂಬಂಧ ಸಡಿಲಾದ ಗುರುತಾಗಿ ಕಾಣಬಹುದು. ಇದು ಭಯವಲ್ಲ, ಬೇರೆ ವ್ಯಾಕರಣ.

ಹಾಗಂತ ಜಪಾನಿನಲ್ಲಿ ಎಲ್ಲವೂ ಸುಖವಾಗಿಲ್ಲ. ಅಲ್ಲಿನ ಸರ್ಕಾರದ 2021ರ ಸಮೀಕ್ಷೆಯಂತೆ 18ರಿಂದ 34 ವಯಸ್ಸಿನ ಅವಿವಾಹಿತರಲ್ಲಿ 72.2% ಗಂಡಸರಿಗೆ, 64.2% ಹೆಂಗಸರಿಗೆ ಪ್ರೇಮಿ ಇರಲಿಲ್ಲ. ಇಷ್ಟನ್ನೂ ಭಯದ ಖಾತೆಗೆ ಹಾಕಿದರೆ ತಪ್ಪಾಗುತ್ತದೆ. ಕೆಲಸದ ಅವಧಿ, ಸಂಬಳ, ಹೊಸಬರನ್ನು ಕಾಣುವ ಅವಕಾಶ ಎಲ್ಲವೂ ಇದರಲ್ಲಿವೆ. ದಕ್ಷಿಣ ಕೊರಿಯದಲ್ಲಿ ಪ್ರೇಮ, ಮದುವೆ, ಮಕ್ಕಳು ಮೂರನ್ನೂ ಕೈಬಿಟ್ಟ ತಲೆಮಾರಿಗೆ ‘ಸಾಂಪೊ’ ಎಂಬ ಹೆಸರೇ ಬಿತ್ತು. ಅದರ ಹಿಂದೆ ಇದ್ದದ್ದೂ ಮುಖ್ಯವಾಗಿ ಮನೆ ಬಾಡಿಗೆ ಮತ್ತು ಕೆಲಸದ ಚಿಂತೆ. ಜೊತೆಗೆ ಸಂಶೋಧಕರು ಹೇಳುವ ‘ಸಂಬಂಧಗಳ ಚಲನೆ’ ಎಂಬ ಲೆಕ್ಕವಿದೆ. ಒಂದು ಸಮಾಜದಲ್ಲಿ ಹಳೆಯ ಸಂಬಂಧ ಬಿಟ್ಟು ಹೊಸದು ಕಟ್ಟಿಕೊಳ್ಳುವುದು ಎಷ್ಟು ಸುಲಭ ಎಂಬುದು ಅದು. 2018ರಲ್ಲಿ 39 ಸಮಾಜಗಳಲ್ಲಿ ಅಳೆದಾಗ ಜಪಾನ್ ತೀರಾ ಕೆಳಗಿತ್ತು. ಸಂಬಂಧ ಸುಲಭವಾಗಿ ಬದಲಾಗುವಲ್ಲಿ ಜನ ಒಳಗಿನದನ್ನು ಬೇಗ ಹೇಳಿಕೊಳ್ಳುತ್ತಾರೆ, ಏಕೆಂದರೆ ಹೇಳಿಕೊಳ್ಳುವುದೇ ಸಂಬಂಧವನ್ನು ಹಿಡಿದಿಡುವ ಅಂಟು. ಬದಲಾಗದ ಜಾಗದಲ್ಲಿ ಒಮ್ಮೆ ಹೇಳಿ ಎಡವಟ್ಟಾದರೆ ಅದೇ ಜನರ ಮಧ್ಯೆ ಜನ್ಮಪೂರ್ತಿ ಬದುಕಬೇಕು. ತಾಲ್ಲೂಕು ಕೇಂದ್ರದಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ: ‘ಜಪಾನಿನವರು ಹೀಗೆ, ಭಾರತೀಯರು ಹಾಗೆ’ ಎಂಬ ಮಾತಿಗೆ ಒಂದು ಮಿತಿಯಿದೆ. 1988ರಲ್ಲಿ ತಾಯಿ-ಮಗುವಿನ ನಂಟಿನ ಬಗ್ಗೆ ಎಂಟು ದೇಶಗಳಲ್ಲಿ ನಡೆದ 32 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ದೇಶ-ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದ ಒಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು.

ಭಾರತದಲ್ಲಿ ಈ ಭಯ ಬಹುಪಾಲು ಬೇರೆ ಗಳಿಗೆಯಲ್ಲಿ ಬರುತ್ತದೆ. 1995ರಲ್ಲಿ ಪ್ರಕಟವಾದ ರಾಬರ್ಟ್ ಲೆವಿನ್ ಅವರ 11 ದೇಶಗಳ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ‘ಉಳಿದೆಲ್ಲ ಗುಣ ಇದ್ದು ಪ್ರೀತಿಯೊಂದು ಇಲ್ಲದಿದ್ದರೆ ಆ ವ್ಯಕ್ತಿಯನ್ನು ಮದುವೆಯಾಗುತ್ತೀರಾ’ ಎಂದು ಕೇಳಿದರು. ಭಾರತದಲ್ಲಿ 49% ಹೌದು ಎಂದರು, ಅಮೆರಿಕದಲ್ಲಿ 3.5%. ಈ ಅಂಕಿಯನ್ನು ‘ನಮ್ಮವರಿಗೆ ಪ್ರೀತಿ ಬೇಡ’ ಎಂದು ಓದುವುದು ದಡ್ಡತನ. ಇಲ್ಲಿ ಆಪ್ತತೆ ಮದುವೆಯ ಪ್ರವೇಶ ಪರೀಕ್ಷೆಯಲ್ಲ, ಆಮೇಲೆ ಬರಲಿ ಎಂದು ಬಿಟ್ಟ ಪಾಠ. ಅಮೆರಿಕದ ಹುಡುಗನಿಗೆ ‘ನಮ್ಮದು ಏನು ಸಂಬಂಧ?’ ಎಂಬ ಪ್ರಶ್ನೆ ಡೇಟಿಂಗ್ ಶುರುವಾದ ಕೆಲವು ತಿಂಗಳಿಗೆ ಬಂದು ಭಯ ಹುಟ್ಟಿಸುತ್ತದೆ, ಇಷ್ಟವಿಲ್ಲದಿದ್ದರೆ ಎದ್ದು ಹೋಗುತ್ತಾನೆ. ನಿಶ್ಚಿತಾರ್ಥವಾದ ನಮ್ಮ ಹುಡುಗನಿಗೆ ಎದ್ದು ಹೋಗಲು ಬಾಗಿಲಿಲ್ಲ. ಹತ್ತಿರವಾಗುವ ವೇಗ ಅವನ ಕೈಯಲ್ಲಿಲ್ಲ, ಪಂಚಾಂಗದ ಕೈಯಲ್ಲಿದೆ. ಇನ್ನೂ ನಿಜ ಹೇಳಬೇಕೆಂದರೆ ಛತ್ರ ಸಿಗುವ ದಿನದ ಕೈಯಲ್ಲಿದೆ. ಹಾಗಾಗಿ ಭಯ ಬೇರೆ ವೇಷ ಹಾಕುತ್ತದೆ: ಮದುವೆಯಾದ ಮೊದಲ ವರ್ಷ ಓವರ್‌ಟೈಮ್, ಪ್ರತಿ ವಾರಾಂತ್ಯ ಗೆಳೆಯರು, ಇಬ್ಬರೇ ಹೋಗಬೇಕಿದ್ದ ಪ್ರವಾಸಕ್ಕೆ ಅಣ್ಣ-ಅತ್ತಿಗೆಯೂ ಜೊತೆ. ಕೂಡು ಕುಟುಂಬ ಒಳ್ಳೆಯ ಮರೆ ಕೊಡುತ್ತದೆ. ಹತ್ತು ಜನರ ಮಧ್ಯೆ ಇಬ್ಬರು ಎಂದೂ ಎದುರುಬದುರು ಕೂತಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ.

ಮಾಪನದ ಅನುವಾದದಲ್ಲೂ ಇದೇ ತೊಡಕು. ಡೆಸ್ಕಟ್ನರ್-ಥೆಲೆನ್ ಪ್ರಶ್ನಾವಳಿಯಲ್ಲಿ 35 ವಾಕ್ಯಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 35ರಿಂದ 175, ಹೆಚ್ಚಿದಷ್ಟೂ ಭಯ ಹೆಚ್ಚು. ಸಂಗಾತಿಯ ಜಾಗದಲ್ಲಿ ‘ಓ’ ಎಂಬ ಒಂದೇ ಅಕ್ಷರವಿದೆ, ಓದುವವರು ಅಲ್ಲಿ ತಮ್ಮವರನ್ನು ಕಲ್ಪಿಸಿಕೊಳ್ಳಬೇಕು. ಮೊದಲ ಅಧ್ಯಯನದ ಅಮೆರಿಕದ ವಿದ್ಯಾರ್ಥಿಗಳ ಸರಾಸರಿ ಸುಮಾರು 79. ಅದರಲ್ಲಿ, ನನಗೆ ನಿನ್ನ ಬಗ್ಗೆ ಅಕ್ಕರೆ ಇದೆ ಎಂದು ‘ಓ’ಗೆ ಹೇಳುವುದು ಎಷ್ಟು ಸಲೀಸು ಎಂಬ ಧಾಟಿಯ ವಾಕ್ಯಗಳಿವೆ. ಕನ್ನಡಕ್ಕೆ ಇಳಿಸಿ ನೋಡಿ: ‘ನಿನ್ನ ಬಗ್ಗೆ ನನಗೆ ಕಾಳಜಿ ಇದೆ’. ಆರೋಗ್ಯ ಇಲಾಖೆಯ ಪ್ರಕಟಣೆಯಂತಿದೆ. ಇದನ್ನು ಹೇಳಲು ಮುಜುಗರ ಎಂದು ಒಬ್ಬಳು ಗುರುತು ಹಾಕಿದರೆ ಅವಳ ಮುಜುಗರ ಆ ವಾಕ್ಯದ ಮೇಲೆಯೇ ಹೊರತು ಆಪ್ತತೆಯ ಮೇಲಲ್ಲ. ಅವಳು ಅದನ್ನು ದಿನವೂ ಹೇಳುತ್ತಲೇ ಇರುತ್ತಾಳೆ: ‘ಊಟ ಆಯ್ತಾ?’, ‘ಮನೆ ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’. ಡಲ್ಲಾಸ್‌ನಲ್ಲಿ ಬೆಳೆದ ಕನ್ನಡದ ಹುಡುಗಿಯೂ ಹಾಸನದಿಂದ ಹೋದ ಹುಡುಗನೂ ಮದುವೆಯಾದರೆ ಮೊದಲ ಜಟಾಪಟಿ ಹೆಚ್ಚಾಗಿ ಇದರ ಮೇಲೇ. ಅವಳು ಮಾತಿಗಾಗಿ ಕಾಯುತ್ತಾಳೆ, ಅವನು ಅವಳ ಕಾರಿನ ಟಯರಿಗೆ ಗಾಳಿ ಹೊಡೆಸಿ ಬಂದಿರುತ್ತಾನೆ.

ಹಾಗಾದರೆ ರೂಢಿಯನ್ನೂ ಭಯವನ್ನೂ ಬೇರೆ ಮಾಡುವುದು ಹೇಗೆ? ಮೌನದ ಪ್ರಮಾಣ ನೋಡಬೇಡಿ, ಅದರ ಸಮಯ ನೋಡಿ. ರೂಢಿಯಿಂದ ಸುಮ್ಮನಿರುವವರು ಎಲ್ಲ ದಿನವೂ ಒಂದೇ ಸಮ ಸುಮ್ಮನಿರುತ್ತಾರೆ, ಅವರ ಕಾಳಜಿ ಬೇರೆ ದಾರಿಯಲ್ಲಿ ಹರಿಯುತ್ತಲೇ ಇರುತ್ತದೆ. ಭಯ ಇರುವವರಲ್ಲಿ ಹತ್ತಿರವಾದ ಬೆನ್ನಿಗೇ, ಒಂದೆರಡು ದಿನದೊಳಗೆ, ಹಿಂದೆ ಸರಿಯುವುದು ಕಾಣುತ್ತದೆ. ಆ ಹೊತ್ತಲ್ಲೇ ಅವಳು ನಗುವ ರೀತಿ ಕಿರಿಕಿರಿ ಅನ್ನಿಸುತ್ತದೆ, ಹಳೆಯ ಪ್ರೇಮಿ ಚಿನ್ನದಂಥವಳಾಗಿ ನೆನಪಾಗುತ್ತಾಳೆ, ಜಿಮ್ಮಿಗೆ ಸೇರಬೇಕು ಅನ್ನಿಸುತ್ತದೆ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಎರಡೇ ಗುರುತು ಹಾಕಿ, ಮನಸ್ಸು ಬಿಚ್ಚಿದ ದಿನ ಒಂದು, ದೂರವಾದ ದಿನ ಇನ್ನೊಂದು. ಜೋಡಿ ಜೋಡಿಯಾಗಿ ಬಿದ್ದರೆ ಗೊತ್ತಾಗುತ್ತದೆ. ಇನ್ನೊಂದು ಪ್ರಶ್ನೆ: ಸುಮ್ಮನಿದ್ದಾಗ ಮೈ ಹೇಗಿದೆ? ರೂಢಿಯ ಮೌನ ಆರಾಮ. ಭಯದ ಮೌನದಲ್ಲಿ ಎದೆ ಬಿಗಿ, ಫೋನು ಬೋರಲು ಹಾಕಿ ಮತ್ತೆ ಮತ್ತೆ ತಿರುವಿ ನೋಡುವುದು.

ಮೂರನೆಯದೊಂದಿದೆ, ಅದನ್ನು ಈ ಎರಡರ ಜೊತೆ ಕಲಸಬಾರದು: ನಿಜವಾದ ಅಪಾಯ. ಬೇರೆ ಜಾತಿಯ, ಬೇರೆ ಧರ್ಮದ ಹುಡುಗನ ಜೊತೆ ಯಾರಾದರೂ ನೋಡಿದರೆ ಓದು ನಿಲ್ಲುತ್ತದೆ, ಹೊಡೆತ ಬೀಳುತ್ತದೆ, ಕೆಲವು ಕಡೆ ಜೀವವೇ ಹೋಗುತ್ತದೆ ಎಂದು ಗೊತ್ತಿರುವ ಹುಡುಗಿ ಹಿಂದೆ ಸರಿದರೆ ಅವಳಿಗೆ ಯಾವ ‘ಭಯದ ಸಮಸ್ಯೆ’ಯೂ ಇಲ್ಲ, ಅವಳ ಲೆಕ್ಕ ಸರಿಯಾಗಿದೆ. ಸಂಗಾತಿ ಕೈ ಮಾಡುವವನಾಗಿದ್ದರೆ, ಹೇಳಿದ್ದನ್ನೇ ಆಮೇಲೆ ಕತ್ತಿಯಾಗಿ ಬಳಸುವವನಾಗಿದ್ದರೆ ಕೂಡ ಹಾಗೆಯೇ. ಅಂಥಲ್ಲಿ ಮುಂದೆ ಹೇಳುವ ಯಾವ ಅಭ್ಯಾಸವನ್ನೂ ಮಾಡಬಾರದು.

ಭಯ ಇದೆ ಎಂದಾದರೆ ಮಾಡುವುದೇನು? ಕೆಲಸ ಮಾಡುವ ತತ್ವ ಹಳೆಯದು: ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿಕೊಳ್ಳುವುದು. ಹೇಳಲು ಕಷ್ಟವಾಗುವ ಎಂಟು ಹತ್ತು ವಿಷಯ ಬರೆದು, ಪ್ರತಿಯೊಂದಕ್ಕೂ 0ರಿಂದ 10ರವರೆಗೆ ಭಯದ ಅಂಕ ಕೊಡಿ. ‘ಇವತ್ತು ಮ್ಯಾನೇಜರ್ ಬೈದದ್ದಕ್ಕೆ ಅಳು ಬಂತು’ 3 ಇರಬಹುದು. ‘ನೀನು ಎಲ್ಲರ ಮುಂದೆ ತಮಾಷೆ ಮಾಡಿದ್ದು ನೋವಾಯ್ತು’ 5. ‘ಈ ತಿಂಗಳು ನನ್ನ ಹತ್ತಿರ ದುಡ್ಡಿಲ್ಲ’ 6, ಗಂಡಸರಿಗೆ ಇದು ಎಷ್ಟೋ ಸಲ 9. ‘ನೀನು ಬಿಟ್ಟುಹೋಗ್ತೀಯಾ ಅಂತ ಹೆದರಿಕೆ’ 10. ಶುರು ಮಾಡುವುದು 3 ಅಥವಾ 4ರಿಂದ. ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಐದು ಹತ್ತು ನಿಮಿಷ ಸಾಕು. ಅದೇ ಮೆಟ್ಟಿಲಿನಲ್ಲಿ ಭಯ ಅರ್ಧಕ್ಕೆ ಇಳಿದ ಮೇಲೆ ಮುಂದಿನದು.

ಕೆಡುವುದು ಎಲ್ಲಿ? ಒಂದೇ ರಾತ್ರಿಯಲ್ಲಿ 3ರಿಂದ 10ಕ್ಕೆ ಹಾರುವಲ್ಲಿ. ಮೊದಲು ಹೇಳಿದ ಭಾನುವಾರದ ಫೋನು ಅದೇ. ಮೂರು ಗಂಟೆಯ ಧೈರ್ಯಕ್ಕೆ ಮೂರು ದಿನದ ನಾಚಿಕೆ. ಎರಡನೆಯದು ಮರೆ ಇಟ್ಟುಕೊಂಡು ಹೇಳುವುದು: ಕುಡಿದಾಗ ಮಾತ್ರ, ಜೋಕಿನ ಕೊನೆಯಲ್ಲಿ ಮಾತ್ರ, ರಾತ್ರಿ ಒಂದಕ್ಕೆ ಕಳಿಸಿ ಬೆಳಗ್ಗೆ ಅಳಿಸಿಹಾಕುವ ಮೆಸೇಜಿನಲ್ಲಿ ಮಾತ್ರ. ಹೇಳಿದ್ದೇನೋ ಹೌದು, ಆದರೆ ‘ಎಚ್ಚರದಲ್ಲಿ ಹೇಳಿದರೂ ಏನೂ ಆಗಲಿಲ್ಲ’ ಎಂಬ ಅನುಭವ ಮನಸ್ಸಿಗೆ ಸಿಗುವುದಿಲ್ಲ. ಭಯ ಇಳಿಯುವುದು ಆ ಅನುಭವದಿಂದಲೇ.

ಹಂತ ಹಂತವಾಗಿ, ಇಬ್ಬರೂ ಸರದಿಯಂತೆ ಹೇಳಿದಾಗ ಏನಾಗುತ್ತದೆ ಎಂಬುದಕ್ಕೆ ಆರ್ಥರ್ ಆರನ್ ಮತ್ತು ಸಂಗಡಿಗರ 1997ರ ಪ್ರಯೋಗವಿದೆ. ಪರಸ್ಪರ ಗುರುತಿಲ್ಲದ ವಿದ್ಯಾರ್ಥಿಗಳಿಗೆ 36 ಪ್ರಶ್ನೆ, ಮೂರು ಕಂತು, ಒಟ್ಟು 45 ನಿಮಿಷ. ಹರಟೆ ಹೊಡೆದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ‘36 ಪ್ರಶ್ನೆ ಕೇಳಿದರೆ ಪ್ರೀತಿ ಹುಟ್ಟುತ್ತದೆ’ ಎಂದು ಅದನ್ನು ಮಂತ್ರದಂತೆ ಹಂಚಿದವರು ಮೊದಲೆರಡು ಕಂತು ಬಿಟ್ಟು ನೇರ ಮೂರನೆಯದಕ್ಕೆ ಕೈ ಹಾಕುತ್ತಾರೆ. ಏರಿಕೆಯೇ ಅದರ ಜೀವ.

ಕೇಳುವವರ ಪಾಲು ಹೇಳುವವರದ್ದಕ್ಕಿಂತ ಕಮ್ಮಿಯೇನಲ್ಲ. ರೈಸ್ ಮತ್ತು ಶೇವರ್ 1988ರಲ್ಲೇ ಹೇಳಿದಂತೆ, ಒಬ್ಬರು ಹೇಳಿಕೊಂಡ ಮಾತ್ರಕ್ಕೆ ಆಪ್ತತೆ ಆಗುವುದಿಲ್ಲ, ಎದುರಿನವರು ನನ್ನನ್ನು ಅರ್ಥ ಮಾಡಿಕೊಂಡರು ಎಂದು ಹೇಳಿದವರಿಗೆ ಅನ್ನಿಸಬೇಕು. ನಮ್ಮಲ್ಲಿ ಇದನ್ನು ಕೊಲ್ಲುವ ಎರಡು ಮಾತುಗಳಿವೆ, ಎರಡೂ ಒಳ್ಳೆಯ ಉದ್ದೇಶದವೇ. ‘ಅಯ್ಯೋ ಇಷ್ಟೇನಾ’ ಮತ್ತು ‘ಬಿಡು, ಎಲ್ಲಾ ಸರಿಹೋಗುತ್ತೆ’. ಮೊದಲನೆಯದು ವಿಷಯವನ್ನು ಚಿಕ್ಕದು ಮಾಡುತ್ತದೆ, ಎರಡನೆಯದು ಮುಚ್ಚಳ ಹಾಕುತ್ತದೆ. ಇವುಗಳ ಜಾಗದಲ್ಲಿ ಒಂದು ಪ್ರಶ್ನೆ ಸಾಕು: ‘ಆಗ ಏನನ್ನಿಸ್ತು?’ ಸಲಹೆ ಕೊಡುವುದಿದ್ದರೆ ಮರುದಿನ, ಕೇಳಿದರೆ.

ಒಬ್ಬರು ಹಿಂದೆ ಸರಿದಷ್ಟೂ ಇನ್ನೊಬ್ಬರು ಬೆನ್ನು ಹತ್ತುವುದು ಈ ಜೋಡಿಗಳ ಮಾಮೂಲಿ ಸುಳಿ. ಹದಿನಾಲ್ಕು ಮೆಸೇಜು, ಆರು ಮಿಸ್ಡ್ ಕಾಲ್, ಕೊನೆಗೆ ಗೆಳೆಯನ ಮೂಲಕ ವಿಚಾರಣೆ. ಸರಿಯುವವರಿಗೆ ಉಸಿರು ಕಟ್ಟುತ್ತದೆ, ಬೆನ್ನು ಹತ್ತುವವರಿಗೆ ನೆಲ ಕುಸಿಯುತ್ತದೆ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಳೆದ ಜಾನ್ ಗಾಟ್‌ಮನ್ ಹೇಳುವಂತೆ ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಮಾತು ಕಿವಿಗೆ ಇಳಿಯುವುದಿಲ್ಲ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಬಿಡುವು ಕೇಳುವುದು ತಪ್ಪಲ್ಲ. ವಾಪಸ್ ಬರುವ ಸಮಯ ಹೇಳದೆ ಎದ್ದು ಹೋಗುವುದು ತಪ್ಪು. ‘ನಿನ್ನೆ ತುಂಬಾ ಹೇಳಿಬಿಟ್ಟೆ ಅನ್ನಿಸ್ತಿದೆ, ಒಂಥರಾ ಆಗ್ತಿದೆ. ಇವತ್ತು ಸುಮ್ಮನಿರ್ತೀನಿ. ನಾಳೆ ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡ್ತೀನಿ.’ ಸೋಮವಾರದ ‘ಹ್ಞೂಂ’ ಬದಲು ಇಷ್ಟು ಬರೆದಿದ್ದರೆ ಅವನಿಗೆ ಬೇಕಿದ್ದ ದೂರವೂ ಸಿಗುತ್ತಿತ್ತು, ಅವಳ ನೆಲವೂ ಉಳಿಯುತ್ತಿತ್ತು. ಒಂಬತ್ತಕ್ಕೆ ಫೋನು ಹೋಗಲೇಬೇಕು, ಎರಡೇ ನಿಮಿಷವಾದರೂ ಸರಿ.

‘ನಾನು ಅವಾಯ್ಡೆಂಟ್’ (ದೂರ ಇಡುವ ಬಗೆಯವನು) ಎಂದು ರಾಶಿ ನಕ್ಷತ್ರದಂತೆ ಹೇಳಿಕೊಳ್ಳುವುದರಿಂದ ಉಪಯೋಗವಿಲ್ಲ. ಇವು ಹಣೆಬರಹವೂ ಅಲ್ಲ, ಪೆಟ್ಟಿಗೆಗಳೂ ಅಲ್ಲ. ಆತಂಕ ಮತ್ತು ದೂರ ಎಂಬ ಎರಡು ಅಳತೆಗೋಲಿನ ಮೇಲೆ ಎಲ್ಲರೂ ಎಲ್ಲೋ ಒಂದು ಕಡೆ ಇರುತ್ತಾರೆ. ಸ್ವಲ್ಪ ಕಾಲ ಬಿಟ್ಟು ಮತ್ತೆ ಕೇಳಿದಾಗ ಸುಮಾರು 30% ಜನ ತಮ್ಮನ್ನು ಬೇರೆ ಬಗೆಗೆ ಸೇರಿಸಿಕೊಂಡದ್ದು 1995ರಲ್ಲೇ ದಾಖಲಾಗಿದೆ.

ಮೂರು ನಾಲ್ಕು ತಿಂಗಳು ಪ್ರಯತ್ನಿಸಿಯೂ ಮೊದಲ ಮೆಟ್ಟಿಲೇ ದಾಟದಿದ್ದರೆ, ಮುಟ್ಟಿದಾಗ ಮೈ ಮರಗಟ್ಟಿದರೆ, ಬಾಲ್ಯದ ದೌರ್ಜನ್ಯ ಹಿಂದಿದ್ದರೆ, ಇದು ಮನೆಯಲ್ಲಿ ಮಾಡುವ ಅಭ್ಯಾಸವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಮನೆಯಲ್ಲಿ ಹಿಂಸೆ ಇದ್ದರೆ ಹೆಂಗಸರಿಗೆ 181, ತುರ್ತಿಗೆ 112. ದಂಪತಿಗಳಿಗೆಂದೇ ಇರುವ ಭಾವಕೇಂದ್ರಿತ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 20 ಭೇಟಿಗಳದ್ದು. ಮೊದಲ ಭೇಟಿಯಲ್ಲೇ ಒಂದು ವಿಷಯ ಕೇಳಿಕೊಳ್ಳಿ: ಸಲಹೆಗಾರರಿಗೆ ನೀವು ಜಗಳವಾಡುವ ಭಾಷೆ ಬರುತ್ತದೆಯೇ? ಇಂಗ್ಲಿಷಿನಲ್ಲಿ ‘ಐ ಫೆಲ್ಟ್ ಹರ್ಟ್’ ಎಂದು ನೀಟಾಗಿ ವರದಿ ಒಪ್ಪಿಸುವವರು ಎಷ್ಟೋ ಜನ, ‘ನಂಗೆ ತುಂಬಾ ಬೇಜಾರಾಯ್ತು ಕಣೇ’ ಎಂದು ಶುರು ಮಾಡಿದರೆ ಅದನ್ನು ಮುಗಿಸಲಾರರು.